ಕಚೇರಿಯ ಮಡಿಲಕ್ಕಿ

ನಮ್ಮ ಕಚೇರಿಯಲ್ಲಿ ಮಡಿಲಕ್ಕಿ ತುಂಬುವ ಪದ್ಧತಿ ಶುರು ಮಾಡಿದವಳು ನಾನೇ. ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಕಚೇರಿ ಅಂದರೆ ಮದ್ದೂರಿನಲ್ಲಿ ಒಂದು ದಿನಸಿ ಅಂಗಡಿಯ ಮೇಲಿನ ಮಹಡಿ. ಎದುರಿಗೆ ಎರಡು ಕೋಣೆ, ಹಿಂದೆ ಎರಡು ಮಂಚ ಹಾಕಿದ ಒಂದು ಸಣ್ಣ ಕೋಣೆ. ಬೋರ್ಡಿನ ಮೇಲೆ 'ನೆರವಿನಂಗಳ ಮಹಿಳಾ ಟ್ರಸ್ಟ್' ಅಂತಿದೆ. ಗಂಡನ ಮನೆಯಲ್ಲಿ ಏಟು ತಿಂದ ಹೆಂಗಸರು ಬಂದು ಹೇಳಿಕೊಳ್ಳುವ ಜಾಗ. ಕೇಳಿಸಿಕೊಳ್ಳುವವಳು ನಾನು, ಭಾಗ್ಯಲಕ್ಷ್ಮಿ, ಬರುವವರಿಗೆಲ್ಲ ಭಾಗ್ಯಕ್ಕ. ಕೊತ್ತತ್ತಿಯಿಂದ ಮಂಡ್ಯ, ಮಂಡ್ಯದಿಂದ ಮದ್ದೂರು, ಹೀಗೆ ದಿನಾ ಎರಡು ಬಸ್ಸು ಹತ್ತಿ ಹನ್ನೊಂದು ವರ್ಷದಿಂದ ಬರುತ್ತಿದ್ದೇನೆ. ನನ್ನ ಬಾಯಿ ಜೋರು. ಮೆಟ್ಟಿಲು ಹತ್ತುವಾಗಲೇ ನನ್ನ ದನಿ ಕೇಳಿ ಗಂಡಂದಿರು ಅರ್ಧ ಮೆತ್ತಗಾಗುತ್ತಾರೆ ಅಂತ ನಮ್ಮ ಕಾರ್ಯದರ್ಶಿ ಸಿದ್ದರಾಮು ಮೇಷ್ಟ್ರು ಬಂದವರ ಹತ್ತಿರವೆಲ್ಲ ಹೇಳಿಕೊಂಡು ನಗುತ್ತಿದ್ದರು. ಅದನ್ನು ಕೇಳಿ ನಾನೂ ಉಬ್ಬುತ್ತಿದ್ದೆ.

ಆರು ವರ್ಷದ ಹಿಂದೆ ಒಬ್ಬಳನ್ನು ಗಂಡನ ಜೊತೆ ರಾಜಿ ಮಾಡಿಸಿ ಕಳಿಸುತ್ತಿದ್ದೆವು. ಅವಳು ಬಾಗಿಲ ಹತ್ತಿರ ನಿಂತು, 'ತವ್ರೋರು ಬಾಗ್ಲಾಕ್ಬುಟ್ರು ಕಣಕ್ಕ, ಬರೀ ಮಡ್ಲಲ್ಲಿ ಓಯ್ತಾ ಇವ್ನಿ' ಅಂತ ಅತ್ತಳು. ನನ್ನ ಅವ್ವ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದಳು. ಚೊಚ್ಚಲ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ನನ್ನ ಮಡಿಲಿಗೂ ಯಾರೂ ಒಂದು ಹಿಡಿ ಅಕ್ಕಿ ಹಾಕಿರಲಿಲ್ಲ. ಆ ನೋವು ಅನುಭವಿಸಿದವಳಿಗೇ ಗೊತ್ತು. ತಡೆಯಲಾರದೆ ಕೆಳಗಿನ ಅಂಗಡಿಗೆ ಇಳಿದು ಹೋಗಿ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ ತಂದೆ. ನನ್ನ ಚೀಲದಲ್ಲಿದ್ದ ರವಿಕೆ ಕಣ ಸೇರಿಸಿ, ಐದು ಬೊಗಸೆ ಅಕ್ಕಿ ಅವಳ ಸೆರಗಿಗೆ ಹುಯ್ದು ಗಂಟು ಹಾಕಿ, 'ಇದೇ ನಿನ್ನ ತವ್ರು ಅನ್ಕೊ ಓಗವ್ವ' ಅಂದೆ. ಅವಳು ನನ್ನನ್ನು ತಬ್ಬಿಕೊಂಡು ಇನ್ನಷ್ಟು ಅತ್ತಳು.

ಮೇಷ್ಟ್ರಿಗೆ ಖುಷಿಯೋ ಖುಷಿ. ಫೋಟೋ ತೆಗೆದು, ನಮ್ಮ ಟ್ರಸ್ಟಿಗೆ ನೆರವು ಕೊಡುವ ಬೆಂಗಳೂರಿನ ಸಂಸ್ಥೆಗೆ ಕಳಿಸಿದರು. ಅಲ್ಲಿಂದ ಒಬ್ಬಳು ಹುಡುಗಿ ಫೋನು ಮಾಡಿ, 'ತುಂಬಾ ಟಚಿಂಗ್ ಆಗಿದೆ ಮೇಡಂ, ಇದನ್ನ ಎಲ್ಲ ಕೇಸಿಗೂ ಮಾಡಿ' ಅಂದಳು. ಅಲ್ಲಿಂದ ಅದೇ ರೂಢಿಯಾಯಿತು. ರಾಜಿಯಾದ ಕಡತದ ಕೊನೆಯಲ್ಲಿ 'ಮಡಿಲಕ್ಕಿ ನೀಡಿ ಕಳುಹಿಸಲಾಯಿತು' ಅಂತ ಬರೆಯುವುದು, ವರದಿಯಲ್ಲಿ 'ಒಂದಾದ ಕುಟುಂಬಗಳು' ಅನ್ನುವ ಕಾಲಂ ತುಂಬುವುದು. ಬೇರೆ ಹೋಗಿ ಬದುಕು ಕಟ್ಟಿಕೊಂಡವರನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಇಲ್ಲ ಅನ್ನುವುದು ನನ್ನ ಕಣ್ಣಿಗೆ ಬಿದ್ದಿರಲೂ ಇಲ್ಲ.

ಅರ್ಪಿತ ಬಂದದ್ದು ಹೋದ ವರ್ಷ, ದೀಪಾವಳಿ ಕಳೆದ ವಾರ. ಇಪ್ಪತ್ತಾರು ವರ್ಷದವಳು. ಕೆರಗೋಡಿನ ಹುಡುಗಿ, ಕೊಟ್ಟಿದ್ದು ಹಲಗೂರಿನ ಆಚೆ ಒಂದು ಹಳ್ಳಿಗೆ. ಕೈಯಲ್ಲಿ ಬ್ಯಾಗು ಕೂಡ ಇರಲಿಲ್ಲ. ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರ್ ಕಾರ್ಡು. ಅದನ್ನು ತೋರಿಸಿ ಬಿಟ್ಟಿ ಬಸ್ಸಿನಲ್ಲಿ ಬಂದಿದ್ದಳು. ಬೆಂಚಿನ ತುದಿಯಲ್ಲಿ ಕೂತಳು.

'ಉಂಡ್ಯೇನವ್ವ?' ಅಂದೆ.

'ಉಂಡಿವ್ನಿ ಕಣಕ್ಕ' ಅಂದಳು. ನನ್ನ ಡಬ್ಬಿಯ ಮುದ್ದೆ ಮುರಿದು ಕೊಟ್ಟರೆ ಒಂದೇ ಉಸಿರಿಗೆ ಮುಗಿಸಿದಳು.

ಆಮೇಲೆ ರವಿಕೆ ತೋಳು ಮೇಲೆತ್ತಿ ತೋರಿಸಿದಳು. ಬೆನ್ನು ತೋರಿಸಿದಳು. ಹನ್ನೊಂದು ವರ್ಷ ನೋಡಿದವಳಿಗೆ ಹೊಸದೇನಿದೆ ಅನ್ನಬೇಡಿ, ಪ್ರತಿಯೊಂದು ಸಲವೂ ನನ್ನ ಮೈ ಉರಿದುಹೋಗುತ್ತದೆ. ಬಟ್ಟೆ ಮುಚ್ಚುವ ಕಡೆ ಮಾತ್ರ ಹೊಡೆದಿದ್ದ. ಮುಖದ ಮೇಲೆ ಒಂದು ಗೀರೂ ಇಲ್ಲ. ಗಂಡ ಯತೀಶ್ ಊರಿನ ಹಾಲಿನ ಡೈರಿ ಸೆಕ್ರೆಟರಿ. ಬೆಳಗ್ಗೆ ಸಂಜೆ ಹಾಲು ಅಳೆಯುತ್ತಾನೆ, ಎಲ್ಲರನ್ನೂ ಅಣ್ಣ ಅಕ್ಕ ಅಂತ ಮಾತಾಡಿಸುತ್ತಾನೆ. ಕುಡಿತ ಇಲ್ಲ, ಬೀಡಿ ಇಲ್ಲ.

'ಮೊದ್ಲು ಬಾಗ್ಲಾಕ್ಕಂಡು ಟಿವಿ ಜೋರಾಗ್ ಮಡುಗ್ತರೆ ಕಣಕ್ಕ' ಅಂದಳು. 'ಸೌಂಡು ಜಾಸ್ತಿ ಆಯ್ತು ಅಂದ್ರೆ ನಂಗ್ ಗೊತ್ತಾಗೋಯ್ತದೆ.'

ನಮ್ಮ ಅರ್ಜಿಯಲ್ಲಿ ಹಿಂಸೆಗೆ ಕಾರಣ ಅಂತ ಒಂದು ಸಾಲಿದೆ. ಕುಡಿತ, ವರದಕ್ಷಿಣೆ, ಅನುಮಾನ, ಇತರೆ. ಒಂದಕ್ಕೆ ಗುರುತು ಹಾಕಬೇಕು.

'ಯಾಕವ್ವ ಒಡೀತನೆ?'

'ಗೊತ್ತಿಲ್ಲ ಕಣಕ್ಕ. ಸಾರು ಸಂದಾಗಿದ್ರೂ ಒಡೀತರೆ, ಇಲ್ದಿದ್ರೂ ಒಡೀತರೆ.'

ಇತರೆ ಅನ್ನುವುದಕ್ಕೆ ಗುರುತು ಹಾಕಿದೆ. 'ಸರಿ, ಈಗ ನಾವೇನ್ ಮಾಡ್ಬೇಕೇಳು. ಕರ್ಸಿ ಬುದ್ಧಿ ಏಳನಾ? ಕೇಸ್ ಆಕನಾ?'

ಅವಳು ಅಡ್ಡಡ್ಡ ತಲೆಯಾಡಿಸಿದಳು. 'ಎರಡೂ ಬ್ಯಾಡ. ಆ ಮನೇದು ಒಂದ್ ಕಡ್ಡಿನೂ ಬ್ಯಾಡ. ಮದ್ವೆಗ್ ಮುಂಚೆ ನಾನು ಇಲ್ಲೇ ಮದ್ದೂರ್ ತಾವ ಗಾರ್ಮೆಂಟ್ಸಲ್ಲಿದ್ದೆ, ಸರ್ಟಿಗೆ ಕಾಲರ್ ಒಲೀತಿದ್ದೆ. ಕೇಳ್ಕಂಡೇ ಬಂದಿವ್ನಿ, ಸೋಮವಾರದಿಂದ್ಲೇ ಬಾ ಅಂದವ್ರೆ. ಒಂದೇ ಒಂದ್ ತಿಂಗ್ಳು ಇಲ್ಲಿ ಮಲೀಕಳಕ್ಕೆ ಜಾಗ ಕೊಟ್ಬುಡಿ ಅಕ್ಕ. ಸಂಬ್ಳ ಬತ್ತಿದ್ದಂಗೆ ಒಂದ್ ರೂಮ್ ಮಾಡ್ಕಂಡು ಓಯ್ತೀನಿ.'

ಅಷ್ಟೇ ಅವಳು ಕೇಳಿದ್ದು. ಒಂದು ತಿಂಗಳು, ಒಂದು ಮಂಚ. ನನ್ನ ಹತ್ತಿರ ಬರುವವರೆಲ್ಲ 'ಅವರಿಗೆ ಸ್ವಲ್ಪ ಬುದ್ಧಿ ಹೇಳಿ' ಅಂತ ಬರುತ್ತಾರೆ. ಏನು ಬೇಕು ಅನ್ನುವುದನ್ನು ಇಷ್ಟು ನೆಟ್ಟಗೆ ತಿಳಿದುಕೊಂಡು ಬಂದವಳು ಅವಳೊಬ್ಬಳೇ. ಹಿಂದಿನ ಕೋಣೆಯ ಎರಡು ಮಂಚವೂ ಆಗ ಖಾಲಿ ಇದ್ದವು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

ನಾನು ಹೂಂ ಅನ್ನಲಿಲ್ಲ. ಮೂರು ರಾತ್ರಿಗಿಂತ ಹೆಚ್ಚು ಯಾರನ್ನೂ ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಟ್ರಸ್ಟಿನ ನಿಯಮ. ಮೇಷ್ಟ್ರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, 'ಕುಡಿಯೋದಿಲ್ಲ ಅಂತೀರಿ, ಡೈರಿ ಸೆಕ್ರೆಟರಿ ಅಂತೀರಿ. ಇಂಥವನನ್ನ ದಾರಿಗೆ ತರೋದು ಸುಲಭ ಭಾಗ್ಯಮ್ಮ. ಒಂದು ಮಾತಾಡಿ ನೋಡೋದು ಬೇಡವಾ? ಎಳೇ ಹುಡುಗಿ, ಒಂಟಿಯಾಗಿ ರೂಮು ಮಾಡ್ಕೊಂಡಿರೋದು ಅಷ್ಟು ಸುಲಭವಾ? ಒಂದ್ಸಲ ಕರೆಸಿ' ಅಂದರು. ನನಗೂ ಹೌದು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಆ ಸಾಧು ಮುಖದವನನ್ನು ಎದುರಿಗೆ ಕೂರಿಸಿಕೊಂಡು ಬೆವರಿಳಿಸಬೇಕು ಅನ್ನುವ ಚಪಲವೂ ಇತ್ತು. ಅವಳಿಗೆ ಬೇಕಾದದ್ದು ಮಂಚ, ನನಗೆ ಬೇಕಾದದ್ದು ಜಗಳ.

ಮೂರನೆಯ ದಿನ ಎಲ್ಲರೂ ಬಂದರು. ಕೆರಗೋಡಿನಿಂದ ಅವಳ ಅಪ್ಪ ಕರಿಯಪ್ಪ, ಹಲಗೂರಿನ ಕಡೆಯಿಂದ ಯತೀಶ್, ಅವನ ತಾಯಿ ಚಿಕ್ಕಬೋರಮ್ಮ. ನಾನು ಗಂಟಲು ಸರಿ ಮಾಡಿಕೊಂಡು, 'ಏನಪ್ಪ, ಹಾಲು ಅಳಿಯೋ ಕೈಲಿ...' ಅಂತ ಶುರು ಮಾಡುವುದರೊಳಗೆ ಅವನು ಎದ್ದು ನಿಂತು ಕೈಮುಗಿದ.

'ತಪ್ಪಾಯ್ತು ಮೇಡಂ. ನಿಮ್ಮ ಮಗ ಅಂತ ತಿಳ್ಕಂಡು ಒಂದ್ಸಲ ಕ್ಷಮಿಸ್ಬುಡಿ.'

ನಾನು ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಹಾಗೇ ಉಳಿದುಹೋಯಿತು. ವಾದ ಮಾಡುವವನ ಜೊತೆ ಜಗಳವಾಡಬಹುದು, ಕೈಮುಗಿದವನನ್ನು ಏನು ಮಾಡುತ್ತೀರಿ? ಇನ್ನು ಮುಂದೆ ಕೈ ಎತ್ತುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟ. ಅಕ್ಷರ ಮುದ್ದಾಗಿತ್ತು. ಚಿಕ್ಕಬೋರಮ್ಮ ಕಣ್ಣೊರೆಸಿಕೊಂಡು, 'ನಂಗೇನ್ ಎಣ್ಮಕ್ಳವ್ರಾ ಕಣವ್ವ, ಇವ್ಳೇ ನನ್ ಮಗ್ಳು' ಅಂದಳು.

ಕರಿಯಪ್ಪ ಮಗಳ ಕಡೆ ಒಂದು ಸಲವೂ ನೋಡಲಿಲ್ಲ. ಟವೆಲ್ಲನ್ನು ಹೆಗಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ನನಗೆ ಹೇಳಿದ: 'ಚಿಕ್ಕೋಳು ಶ್ವೇತ ಮದ್ವೆಗವ್ಳೆ ಕಣಮ್ಮ. ಇವ್ಳು ಗಂಡುನ್ ಬುಟ್ಟು ಬಂದವ್ಳೆ ಅಂತ ಗೊತ್ತಾದ್ರೆ ಅವ್ಳುನ್ನ ಯಾರ್ ಕೇಳ್ತರೆ? ಎರಡ್ ಕಿತ ಮನೇಗ್ ಬಂದಿದ್ಲು. ಎರಡ್ ಕಿತವೂ ಮಡ್ಲಕ್ಕಿ ಉಯ್ದು ನಾನೇ ಬುಟ್ಟು ಬಂದೆ.'

ಇಷ್ಟು ಹೊತ್ತಿನಲ್ಲಿ ಅರ್ಪಿತ ಆಡಿದ್ದು ಒಂದೇ ಮಾತು. 'ಅಕ್ಕ, ನಾನ್ ನಿಮ್ಮನ್ನ ಕೇಳಿದ್ದು ಇದಲ್ಲ.'

'ಸುಮ್ಕಿರವ್ವ, ನಾನಿಲ್ವಾ' ಅಂದೆ.

ನನ್ನ ಬಾಯಿಗೆ ಬೆಂಕಿ ಹಾಕ.

ಆಮೇಲೆ ಮಡಿಲಕ್ಕಿ. ಮೇಷ್ಟ್ರು ಕುರ್ಚಿಗಳನ್ನು ಸರಿಸಿ ಮೊಬೈಲು ಹಿಡಿದು ನಿಂತರು. ಅರ್ಪಿತಳನ್ನು ಪೂರ್ವಕ್ಕೆ ಮುಖ ಮಾಡಿಸಿ ನಿಲ್ಲಿಸಿ ಸೆರಗು ಒಡ್ಡಿಸಿದೆ. ಮೊದಲನೆಯ ಬೊಗಸೆ ಹುಯ್ದೆ. ಅವಳು ಬಾಯಿ ತೆರೆದು, 'ಅಕ್ಕ, ನಾನು...' ಅಂದಳು. 'ಮಡ್ಲು ತುಂಬುವಾಗ ಮಾತಾಡ್ಬಾರ್ದು ಕಣವ್ವ' ಅಂದು ಎರಡನೆಯದು ಹುಯ್ದೆ. ಅವಳು ಬಾಯಿ ಮುಚ್ಚಿಕೊಂಡಳು. ಐದು ಬೊಗಸೆ ಮುಗಿಯಿತು. ಕಾಯಿ, ಬೆಲ್ಲ, ರವಿಕೆ ಕಣ ಇಟ್ಟು, ಗಂಡನ ಮನೆಯ ದೇವರ ಮುಂದೆಯೇ ಬಿಚ್ಚಬೇಕು ಅಂತ ಹೇಳಿ ಗಂಟು ಕಟ್ಟಿದೆ. ನನ್ನ ಕಣ್ಣಲ್ಲಿ ನೀರಿತ್ತು. ಸಂತೋಷದ ನೀರು, ನಾಚಿಕೆಗೇಡು.

ಮಡಿಲು ತುಂಬಿದ ಹೆಂಗಸಿಗೆ ಎರಡು ಕೈಯೂ ಸೆರಗಿನ ಅಡಿಯಲ್ಲೇ ಇರುತ್ತವೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಲೂ ಆಗುವುದಿಲ್ಲ. ಯತೀಶ್ ಅವಳ ರಟ್ಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದ. 'ನೋಡಿ ಭಾಗ್ಯಮ್ಮ, ಎಷ್ಟು ಜೋಪಾನ' ಅಂದರು ಮೇಷ್ಟ್ರು. ಅದು ನಮ್ಮ ನಲವತ್ತೊಂದನೆಯ ಒಂದಾದ ಕುಟುಂಬ.

ಸಂಕ್ರಾಂತಿಯ ಮಾರನೆಯ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

'ಅಕ್ಕ, ನಾನು ಅರ್ಪಿತ. ಪಕ್ಕದ ಮನೆಯೋರ್ ಪೋನಿಂದ ಮಾಡ್ತಾ ಇವ್ನಿ. ಜಾಸ್ತಿ ಒತ್ತು ಮಾತಾಡಕಾಗಲ್ಲ.'

'ಎಂಗಿದ್ದೀಯವ್ವ? ಈಗ ಒಡೆಯಲ್ವಲ್ಲ?'

'ಈಗ ಟಿವಿ ಆಕಲ್ಲ ಕಣಕ್ಕ. ಮೊದ್ಲಾದ್ರೆ ಯಾರಾದ್ರೂ ಕೇಳಿಸ್ಕಂಡಾರು ಅಂತ ಒಂದ್ ಅಂಜ್ಕೆ ಇತ್ತು. ಈಗ ಅದೂ ಇಲ್ಲ. ಮದ್ದೂರ್ಗೋಗಿ ಬಂದ್ಯಲ್ಲ, ಇನ್ನೆಲ್ಲಿಗೋದಿಯೇ ಅಂತರೆ.'

'ಅಯ್ಯೋ ನಿನ್ನ! ಆವತ್ತೇ ಬಸ್ ಹತ್ತಿ ಬಂದ್ಬುಡ್ಬಾರ್ದಾಗಿತ್ತಾ?'

'ಆಧಾರ್ ಕಾರ್ಡ್ ಕಿತ್ತಿಟ್ಕಂಡವ್ರೆ. ಬಸ್ಸಿಗ್ ಕಾಸಿಲ್ಲ. ಅದಿರ್ಲಿ ಬುಡಿ, ಎಂಗಾದ್ರೂ ಬರ್ಬೋದಿತ್ತು. ಮಡ್ಲಕ್ಕಿ ಉಯ್ದು ಕಳ್ಸಿದ್ ಮನೆಗೆ ಎಂಗಕ್ಕ ತಿರುಗಿ ಬರದು? ಅಪ್ಪನ್ ಮನೆಗೆ ಓಗ್ದೆ ನಿಮ್ತಾವ ಯಾಕ್ ಬಂದೆ ಏಳಿ. ನೀವು ತವ್ರೋರಲ್ಲ ಅಂತ್ಲೇ ಬಂದೆ.'

ಯಾರೋ ಬಂದರು ಅಂತ ಕಾಣುತ್ತದೆ, ಫೋನು ಕಟ್ಟಾಯಿತು.

ಯಾರಾದರೂ ಚಪ್ಪಲಿ ತೆಗೆದುಕೊಂಡು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ತವರಿನವರು ಏನು ಮಾಡುತ್ತಾರೆ? ಉಣ್ಣಿಸುತ್ತಾರೆ, ಸಮಾಧಾನ ಹೇಳುತ್ತಾರೆ, ಅಳುತ್ತಾರೆ, ಕೊನೆಗೆ ಮಡಿಲು ತುಂಬಿ ಅದೇ ಬಾಗಿಲಿಗೆ ಬಿಟ್ಟು ಬರುತ್ತಾರೆ. ನಾವೂ ಅದನ್ನೇ ಮಾಡಿದ್ದೆವು, ಬೋರ್ಡು ಹಾಕಿಕೊಂಡು. ನಮ್ಮ ನಲವತ್ತೊಂದು ಹೆಂಗಸರಲ್ಲಿ ಒಬ್ಬಳೂ ಎರಡನೆಯ ಸಲ ದೂರು ತಂದಿಲ್ಲ ಅಂತ ನಾನು ಎಷ್ಟು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ! ಯಾಕೆ ತಂದಿಲ್ಲ ಅಂತ ಆವತ್ತು ಗೊತ್ತಾಯಿತು.

ಮಾರನೆಯ ಬೆಳಗ್ಗೆ ಮಳವಳ್ಳಿ ಬಸ್ಸು ಹತ್ತಿದೆ. ಮೂರು ರಾತ್ರಿಯ ನಿಯಮ ಹಾಳಾಗಿ ಹೋಗಲಿ, ಕೊತ್ತತ್ತಿಯಲ್ಲಿ ನನ್ನ ಮನೆಯಿದೆ, ಅಲ್ಲೇ ಇಟ್ಟುಕೊಳ್ಳುತ್ತೇನೆ, ಇವತ್ತು ಅವಳನ್ನು ಕರೆದುಕೊಂಡೇ ಬರುವುದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಹಲಗೂರಿನಲ್ಲಿ ಇಳಿದು ಆಟೋ ಹಿಡಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಆಟೋದಿಂದ ಕಾಲು ಕೆಳಗಿಡುವುದರೊಳಗೆ ಚಿಕ್ಕಬೋರಮ್ಮ ಜಗಲಿಯಿಂದ ಎದ್ದು ಬಂದಳು.

'ಬನ್ನಿ ಬೀಗ್ತಿ, ಬನ್ನಿ! ಅಬ್ಬುಕ್ಕೇ ಬರ್ಬಾರ್ದಾಗಿತ್ತಾ?'

ಬೀಗಿತ್ತಿ! ಸೊಸೆಯ ತಾಯಿಯನ್ನು ಕರೆಯುವ ಹಾಗೆ ನನ್ನನ್ನು ಕರೆದಳು. ಕೈಹಿಡಿದು ಜಗಲಿಯ ಮೇಲೆ ಕೂರಿಸಿದಳು. ಕಾಲಿಗೆ ನೀರು ಬಂತು, ಕಾಫಿ ಬಂತು, ಎಳ್ಳು ಬೆಲ್ಲ ಬಂತು. 'ನಮ್ ಸೊಸೆ ತವ್ರೋರು ಬಂದವ್ರೆ' ಅಂತ ಕೂಗಿ ಹೇಳಿದ್ದಕ್ಕೆ ಆಚೀಚೆ ಮನೆಯ ಐದಾರು ಹೆಂಗಸರೂ ಗಂಡಸರೂ ಬಂದು ನಿಂತರು. ಯತೀಶ್ ಡೈರಿಗೆ ಹೋಗಿದ್ದ.

ಅರ್ಪಿತ ಬಾಗಿಲ ಸಂದಿಯಲ್ಲಿ ಬಂದು ನಿಂತಳು. ಬಲಗೈ ಸೆರಗಿನ ಒಳಗಿತ್ತು. ಎದ್ದು ಹೋಗಿ ಸೆರಗು ಸರಿಸಿದೆ. ಮಣಿಕಟ್ಟಿನಿಂದ ಮೊಳಕೈವರೆಗೆ, ಮೂಳೆ ಮುರಿದಾಗ ಆಸ್ಪತ್ರೆಯಲ್ಲಿ ಹಾಕುವ ಹಿಟ್ಟಿನ ಕಟ್ಟು.

'ಕೊಟ್ಗೇಲಿ ಜಾರ್ಬುಟ್ಲು ಕಣ್ ಬೀಗ್ತಿ' ಅಂದಳು ಚಿಕ್ಕಬೋರಮ್ಮ.

'ಯಾರಿಗೆ ಕತೆ ಏಳ್ತಿದ್ದೀಯ!' ಅಂತ ನಾನು ಕೂಗಿದೆ. 'ಕೈ ಮುರಿದಿದ್ದು ನಿನ್ ಮಗ. ಮುಚ್ಚಳಿಕೆ ಬರ್ಕೊಟ್ಟು ಎರಡ್ ತಿಂಗ್ಳಾಗಿಲ್ಲ. ನಾನಿವತ್ತು ಇವ್ಳುನ್ನ ಕರ್ಕೊಂಡೇ ಓಗೋದು.'

ಚಿಕ್ಕಬೋರಮ್ಮ ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನಾನು ಗೆಲ್ಲುತ್ತಿದ್ದೆ. ಅವಳು ನೆರೆದವರ ಕಡೆ ತಿರುಗಿ ಮೆತ್ತಗೆ ಮಾತಾಡಿದಳು. 'ನೋಡಿದ್ರಾ? ಎತ್ತ ಕರುಳಲ್ವಾ, ಸಂಕ್ಟ ಆಯ್ತದೆ. ಆದ್ರೆ ಬೀಗ್ತಿ, ತವ್ರೋರೇ ಬಂದು ಮಗ್ಳ್ ಬಾಳು ಕೆಡ್ಸಾರಾ? ನಿಮ್ಮನೆ ಮಡ್ಲಕ್ಕೀಲಿ ಪಾಯ್ಸ ಮಾಡಿ ಬೀದಿಗೆಲ್ಲ ಅಂಚಿದೀವಿ. ಇಲ್ ನಿಂತಿರೋರೆಲ್ಲ ಉಂಡವ್ರೆ. ಕೇಳಿ.'

ನಿಂತವರು ಹೌದು ಹೌದು ಅಂದರು. ಕೆಂಪಸಿದ್ದಯ್ಯ ಅನ್ನುವ ವಯಸ್ಸಾದವರೊಬ್ಬರು, ಒಳ್ಳೆಯ ಮನುಷ್ಯರ ಹಾಗೇ ಕಂಡರು, ಮುಂದೆ ಬಂದು ಕೇಳಿದರು: 'ತಾಯಿ, ಕೂಡಿಸ್ದೋರು ನೀವು. ಮಡ್ಲು ತುಂಬಿ ಕಳ್ಸ್ದೋರೂ ನೀವು. ಈಗ ನೀವೇ ಬಂದು ಕಿತ್ಕಂಡ್ ಓಯ್ತೀನಿ ಅಂದ್ರೆ ಎಂಗವ್ವ ಆಯ್ತದೆ?'

ಕಾನೂನಿನ ಕಲಂಗಳೆಲ್ಲ ನನಗೆ ಬಾಯಿಪಾಠ. ಪೊಲೀಸ್ ಠಾಣೆಯಲ್ಲಿ ಎದೆ ಕೊಟ್ಟು ನಿಂತು ವಾದಿಸಿದವಳು ನಾನು. ಆ ಮುದುಕರು ಕೇಳಿದ್ದಕ್ಕೆ ಯಾವ ಕಲಮೂ ಇರಲಿಲ್ಲ. ಅರ್ಪಿತಳ ಕಡೆಗೆ ತಿರುಗಿದೆ.

'ಅವ್ರೆಲ್ಲ ಆಳಾಗೋಗ್ಲಿ. ನೀನ್ ನಡಿಯವ್ವ. ಮೈಮ್ಯಾಲಿನ್ ಬಟ್ಟೇಲೇ ನಡಿ. ನಮ್ಮನೇಲಿರು, ಗಾರ್ಮೆಂಟ್ಸಿಗೆ ಓಗು.'

ಅವಳು ತನ್ನ ಹಿಟ್ಟಿನ ಕಟ್ಟನ್ನು ನೋಡಿಕೊಂಡಳು. 'ಎರಡ್ ಕಡೆ ಮುರಿದೈತೆ ಅಂದ್ರು ಡಾಕ್ಟ್ರು. ಬೆರ್ಳು ಮಡ್ಚಕಾಗಲ್ಲ. ಈ ಕೈಲಿ ಕಾಲರ್ ಒಲಿಯಕ್ಕಾಯ್ತದಾ ಅಕ್ಕ?' ಅಂದಳು. 'ಆವತ್ತು ಆಯ್ತಿತ್ತು.'

ಒಳಗೆ ಹೋಗಿಬಿಟ್ಟಳು. ನನಗೆ ಕುಂಕುಮ ಕೊಟ್ಟು, ಎಲೆ ಅಡಿಕೆ ಕೊಟ್ಟು, ಆಟೋ ಹತ್ತಿಸಿದರು.

ನಾನು ಹಲಗೂರಿನಿಂದಲೇ ಪೊಲೀಸರಿಗೆ ದೂರು ಕೊಟ್ಟೆ. ಅವರು ಹೋಗಿ ಕೇಳಿದರು. ಜಾರಿ ಬಿದ್ದೆ ಅಂತ ಅರ್ಪಿತ ಹೇಳಿಕೆ ಕೊಟ್ಟಳು, ಎಡಗೈಯಲ್ಲಿ ಸಹಿ ಹಾಕಿದಳು. ಅವಳನ್ನು ಹೇಗೆ ಬೈಯಲಿ? ಹೇಳಿ ಆಮೇಲೆ ಎಲ್ಲಿಗೆ ಹೋಗಬೇಕಿತ್ತು ಅವಳು?

ಮಾರ್ಚಿ ಎಂಟಕ್ಕೆ ಮಹಿಳಾ ದಿನ. ಪ್ರತಿ ವರ್ಷ ನಮ್ಮ ಟ್ರಸ್ಟು ಒಂದು ತಾಲ್ಲೂಕಿನಲ್ಲಿ ಸಭೆ ಮಾಡುತ್ತದೆ. ಈ ವರ್ಷ ಮಳವಳ್ಳಿಯಲ್ಲಿ. ಹಂಚಿ ಉಳಿದಿದ್ದ ಆಹ್ವಾನ ಪತ್ರಿಕೆಯ ಕಟ್ಟು ಬಿಚ್ಚಿ ಒಂದನ್ನು ತೆಗೆದು ಓದಿದೆ. 'ಸಾಮರಸ್ಯದ ದಂಪತಿಗಳಿಗೆ ಸನ್ಮಾನ' ಅನ್ನುವುದರ ಕೆಳಗೆ ಮೂರು ಜೋಡಿ ಹೆಸರು. ಕೊನೆಯದು ಶ್ರೀಮತಿ ಅರ್ಪಿತ ಮತ್ತು ಶ್ರೀ ಯತೀಶ್.

ಕಾರ್ಡು ಹಿಡಿದುಕೊಂಡು ಮೇಷ್ಟ್ರ ಮೇಜಿಗೆ ಹೋದೆ. 'ಇವ್ನಿಗಾ ಶಾಲು? ಎಂಡ್ತಿ ಕೈ ಮುರಿದೋನ್ಗೆ ನಾವು ಪೇಟ ಇಡ್ಬೇಕಾ? ತಲೆ ಗಿಲೆ ಕೆಟ್ಟದಾ ನಿಮ್ಗೆ?'

ಹನ್ನೊಂದು ವರ್ಷದಲ್ಲಿ ಅವರ ಎದುರು ಹಾಗೆ ಮಾತಾಡಿರಲಿಲ್ಲ. ಅವರ ಮುಖ ಬಾಡಿಹೋಯಿತು. 'ನವೆಂಬರಿನ ಪಟ್ಟಿ ನೋಡಿ ಅಚ್ಚಿಗೆ ಕೊಟ್ಟೆ ಭಾಗ್ಯಮ್ಮ. ಈಗ ಊರೆಲ್ಲ ಹಂಚಿಯಾಗಿದೆ. ಪೊಲೀಸರ ಮುಂದೆ ಅವಳೇ ಏನೂ ಇಲ್ಲ ಅಂದಿದ್ದಾಳಲ್ಲ, ನಾನೇನು ಅಂತ ತೆಗೆಯಲಿ? ಇನ್ನೊಂದು ಯೋಚನೆ ಮಾಡಿ. ನಾಲ್ಕು ಜನರ ಮುಂದೆ ಶಾಲು ಹೊದ್ದವನಿಗೆ ನಾಚಿಕೆ ಅನ್ನೋದು ಬರಲ್ವಾ? ಆಮೇಲೆ ಕೈ ಎತ್ತೋಕಾಗುತ್ತಾ?'

ದುಷ್ಟತನಕ್ಕೆ ಆಡಿದ ಮಾತಲ್ಲ ಅದು. ಮೂವತ್ತು ವರ್ಷ ಶಾಲೆಯಲ್ಲಿ ತುಂಟ ಹುಡುಗನನ್ನೇ ತರಗತಿಯ ಮಾನಿಟರು ಮಾಡಿ ತಿದ್ದಿದವರು ಅವರು. ನಿಜವಾಗಿಯೂ ಹಾಗೇ ನಂಬಿದ್ದರು. ಅವರ ಹತ್ತಿರ ಜಗಳ ಮುಂದುವರಿಸಲಿಲ್ಲ. ಮೈಕು ಇರುತ್ತದೆ, ಜನ ಇರುತ್ತಾರೆ, ಪತ್ರಿಕೆಯವರೂ ಇರುತ್ತಾರೆ. ಎಲ್ಲರ ಮುಂದೆ ನಾನೇ ನಿಂತು ಇವನು ಇಂಥವನು, ನಾನು ಮಾಡಿದ್ದು ಇಂಥ ತಪ್ಪು ಅಂತ ಹೇಳಿಬಿಡುತ್ತೇನೆ ಅಂತ ನಿರ್ಧಾರ ಮಾಡಿದೆ. ಅಷ್ಟು ಜನ ಕೇಳಿಸಿಕೊಂಡ ಮೇಲೆ ಅವಳನ್ನು ಆ ಮನೆಗೆ ಕಳಿಸುವ ಧೈರ್ಯ ಯಾರಿಗೂ ಬರುವುದಿಲ್ಲ ಅನ್ನುವುದು ನನ್ನ ಲೆಕ್ಕಾಚಾರವಾಗಿತ್ತು. ವಾರಪೂರ್ತಿ ಆ ಮಾತುಗಳನ್ನು ಬಸ್ಸಿನಲ್ಲಿ ಮನಸ್ಸಿನೊಳಗೇ ಹೇಳಿಕೊಂಡೆ.

ಮಳವಳ್ಳಿಯ ಕಲ್ಯಾಣ ಮಂಟಪ ತುಂಬಿತ್ತು. ಸ್ವಸಹಾಯ ಸಂಘದ ಹೆಂಗಸರು, ಅಂಗನವಾಡಿಯವರು, ಕಾಲೇಜು ಹುಡುಗಿಯರು. ಬೆಂಗಳೂರಿನಿಂದ ಆ ಫೋನಿನ ಹುಡುಗಿಯೂ ಖಾದಿ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಯತೀಶ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ವೇದಿಕೆ ಹತ್ತಿದ. ಅರ್ಪಿತ ಅವನ ಹಿಂದೆ. ಕೈಯ ಕಟ್ಟು ಬ್ಯಾಂಡೇಜಿಗೆ ಇಳಿದಿತ್ತು, ಉದ್ದ ತೋಳಿನ ರವಿಕೆ ಅದನ್ನೂ ಮುಚ್ಚಿತ್ತು. ಮುಖ ಊದಿಕೊಂಡಂತೆ ಕಂಡಿತು. ಪೌಡರು ಹಚ್ಚಿದ್ದಳು.

ಮೇಷ್ಟ್ರು ಅವನಿಗೆ ಮೈಸೂರು ಪೇಟ ತೊಡಿಸಿದರು. ಅವನು ಮೈಕಿನ ಮುಂದೆ ನಿಂತು, 'ಹೆಣ್ಣುಮಕ್ಕಳನ್ನ ಹೇಗೆ ಗೌರವಿಸಬೇಕು ಅಂತ ಈ ಟ್ರಸ್ಟಿನವರು ನನಗೆ ಕಲಿಸಿಕೊಟ್ಟರು. ಅವರು ನಮಗೆ ಬರೀ ಸಂಸ್ಥೆಯಲ್ಲ, ನನ್ನ ಹೆಂಡತಿಯ ತವರು ಮನೆ' ಅಂದ. ಚಪ್ಪಾಳೆಯೋ ಚಪ್ಪಾಳೆ. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು.

'ಈಗ ಅರ್ಪಿತ ಅವರಿಗೆ ನಮ್ಮ ಭಾಗ್ಯಮ್ಮ ಶಾಲು ಹೊದಿಸುತ್ತಾರೆ' ಅಂದರು ಮೇಷ್ಟ್ರು.

ಶಾಲು ಬಿಡಿಸಿಕೊಂಡು ಅವಳ ಹತ್ತಿರ ಹೋದೆ. ಮೈಕು ಎರಡು ಹೆಜ್ಜೆ ದೂರದಲ್ಲಿತ್ತು. ಹೆಗಲ ಮೇಲೆ ಶಾಲು ಇಟ್ಟಾಗ ಅವಳು ಜೋರಾಗಿ ಉಸಿರೆಳೆದುಕೊಂಡಳು. ಅಲ್ಲಿಯೂ ಪೆಟ್ಟಾಗಿತ್ತು. ಕಿವಿಯ ಹತ್ತಿರ ಬಾಗಿ, 'ಇವತ್ತು ಎಲ್ಲಾರ್ ಮುಂದೆ ಏಳ್ಬುಡ್ತೀನಿ ಕಣವ್ವ. ಎದ್ರುಕೋಬ್ಯಾಡ' ಅಂದೆ.

ಅವಳ ಎಡಗೈ ನನ್ನ ರಟ್ಟೆಯನ್ನು ಹಿಡಿದುಕೊಂಡಿತು. ಉಗುರು ನಾಟಿತು. ನಗುವ ಮುಖ ಸಭೆಯ ಕಡೆಗೇ ಇತ್ತು.

'ಬ್ಯಾಡ ಕಣಕ್ಕ, ನಿಮ್ ದಮ್ಮಯ್ಯ' ಅಂದಳು. 'ನೀವೇ ಅವ್ರ್ ತಲೆ ಮ್ಯಾಲೆ ಪೇಟ ಇಟ್ರಿ. ಇನ್ನ ಯಾರ್ ನಂಬ್ತರೆ? ನೀವು ಮಾತಾಡ್ಬುಟ್ಟು ಮದ್ದೂರ್ಗೆ ಓಯ್ತೀರಿ. ನಾನು ಅವ್ರ್ ಗಾಡಿ ಇಂದೆ ಕೂತ್ಕಂಡು ಮನೆಗೆ ಓಗ್ಬೇಕು.'

'ನನ್ ಜೊತೇಲ್ ಬಂದ್ಬುಡವ್ವ...'

'ಆಮೇಕೆ? ಮೂರ್ ದಿನ ಕಳೆದ್ ಮ್ಯಾಕೆ?'

ಫೋಟೋದವನು ಇತ್ತ ಕಡೆ ನೋಡಿ ಮೇಡಂ ಅಂತ ಕೂಗುತ್ತಿದ್ದ. ಮೈಕಿನ ಕಡೆ ನೋಡಿದೆ. ಅವಳ ಉಗುರು ಇನ್ನೂ ನನ್ನ ರಟ್ಟೆಯಲ್ಲೇ ಇತ್ತು. ವಾರದಿಂದ ಜೋಡಿಸಿಟ್ಟುಕೊಂಡಿದ್ದ ಮಾತಿನಲ್ಲಿ ಮೊದಲನೆಯದು ಯಾವುದು ಅನ್ನುವುದೇ ಮರೆತುಹೋಯಿತು.

ಅಷ್ಟರಲ್ಲಿ ಯತೀಶ್ ಬಂದ. ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ತುಂಬಿದ ಸಭೆಯ ಎದುರಿಗೆ ಬಗ್ಗಿ ನನ್ನ ಎರಡೂ ಪಾದ ಮುಟ್ಟಿದ. ಮತ್ತೆ ಚಪ್ಪಾಳೆ ಶುರುವಾಯಿತು. ಅವನು ಏಳಲಿಲ್ಲ, ಕಾಯುತ್ತಿದ್ದ. ಅರ್ಪಿತ ನನ್ನ ರಟ್ಟೆ ಬಿಟ್ಟು, ಕಣ್ಣಲ್ಲೇ ಬೇಡಿಕೊಂಡಳು.

ನನ್ನ ಕೈಯನ್ನು ಅವನ ತಲೆಯ ಮೇಲಿಟ್ಟೆ.

'ಚೆನ್ನಾಗಿರಪ್ಪ' ಅಂದೆ.